ಗಾಳಿಯ ಕಣ್ಣು

ಅಡಿವೆಪ್ಪ ಪದಗಳ ಹುಟ್ಟು ಬರೆದಿಟ್ಟ ಚೀಟಿಗಳ ಗಂಟು ಹೊತ್ತುಕೊಂಡು ಬಂದು ಗುರುಗಳ ಮುಂದೆ ನಿಂತ. ಮಲಪ್ರಭೆಯ ದಂಡೆಯ ಆ ಸಣ್ಣ ಮಠದಲ್ಲಿ ಗುರು ಮರುಳಯ್ಯನವರಿಗೆ ಇದ್ದವನು ಅವನೊಬ್ಬನೇ ಶಿಷ್ಯ.

"ಅಪ್ಪಾರ, ಅಪ್ಪಣೆ ಕೊಡ್ರಿ. ಈ ಗಂಟು ಹೊಳ್ಯಾಗ ಬಿಟ್ಟು ಊರಿಗೆ ಹೋಗ್ತೇನಿ. ಈ ವಿದ್ಯಾ ಇನ್ನ ನನಗ ಬ್ಯಾಡ."

ಗುರುಗಳು ಮೊರದಲ್ಲಿ ಜೋಳದ ನುಚ್ಚು ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಏನಾತೋ?"

"ಮಾತಿನ ತಾಯಿ ಸಿಗಲಿಲ್ರಿ."

ಆ ಮಠದ ಪದ್ಧತಿಯೇ ಹಾಗೆ. ಶಿಷ್ಯ ಒಂದೇ ಒಂದು ಮಾತು, ಒಂದೇ ಪದ, ಆರಿಸಿಕೊಳ್ಳಬೇಕು. ಅದರ ಬೆನ್ನು ಹತ್ತಿ ಅದು ಹುಟ್ಟಿದ ಮನೆಯವರೆಗೂ, ಅದನ್ನು ಹೆತ್ತ ಮೂಲ ಮಾತಿನವರೆಗೂ ಹೋಗಬೇಕು. ಅಲ್ಲಿಯತನಕ ಬೇರೆ ಮಾತು ಮುಟ್ಟುವಂತಿಲ್ಲ.

ಅಡಿವೆಪ್ಪ ಎಳವೆಯಲ್ಲಿ ಒಬ್ಬ ಮುದಿ ಪಾದ್ರಿಯಿಂದ ಜರ್ಮನ್, ಇಂಗ್ಲಿಷ್, ಅವುಗಳ ಸತ್ತುಹೋದ ಅಕ್ಕತಂಗಿ ಭಾಷೆಗಳು, ಎಲ್ಲವನ್ನೂ ಕಲಿತಿದ್ದ. ಆ ಚಳಿ ದೇಶದ ಮಾತುಗಳಲ್ಲಿ ಕಿಟಕಿಗೆ ಏನನ್ನುತ್ತಾರೆ, ಏಕೆ ಅನ್ನುತ್ತಾರೆ ಎಂಬುದನ್ನು ಹಿಡಿದುಕೊಂಡ. ಸಣ್ಣ ಕೆಲಸ, ಬೇಗ ಮುಗಿದೀತು ಎಂದುಕೊಂಡಿದ್ದ. ಅದರಲ್ಲೇ ಅವನ ಗಡ್ಡ ಬೆಳ್ಳಗಾಗತೊಡಗಿತು.

"ಆ ಭಾಷಾ ಎಲ್ಲಾ ಒಂದ ಮನಿ ಮಕ್ಕಳು ಅಂತಿದ್ದೆಲ್ಲ?"

"ಹೌದ್ರಿ. ನೀರಿಗೆ, ತಾಯಿಗೆ, ಮಗಳಿಗೆ ಎಲ್ಲಾರೂ ಹೆಚ್ಚುಕಡಿಮಿ ಒಂದ ಥರಾ ಅಂತಾರ. ಕಿಟಕಿಗೆ ಮಾತ್ರ ಒಬ್ಬೊಬ್ಬರದು ಒಂದೊಂದು. ಬಡಗಣ ಕಡಲಿನ ಮಂದಿ ವಿಂದೌಗ ಅಂದ್ರು, ಗಾಳಿಯ ಕಣ್ಣು ಅಂತ. ಇಂಗ್ಲಿಷರ ವಿಂಡೋ ಅವರ ಕಡಿಂದ ಬಂದದ್ದು. ಅದಕ್ಕೂ ಮದಲ ಇಂಗ್ಲಿಷರು ಕಣ್ಣಿನ ತೂತು ಅಂತಿದ್ರು. ಗೋಥರು ಅಂತ ಒಂದು ಹಳೇ ಕುಲದವರು ಇದ್ರು, ಅವರು ಕಣ್ಣಿನ ಬಾಗಿಲು ಅಂದ್ರು. ಜರ್ಮನರು ತಮ್ಮ ಹಳೇ ಮಾತು ಬಿಟ್ಟ ಬಿಟ್ರು, ರೋಮಿನವರ ಮಾತು ಕಡ ತಂದು ಫೆನ್‌ಸ್ಟರ್ ಅಂದ್ರು."

"ಹಳೇ ಮಾತಿನಾಗೆಲ್ಲಾ ಕಣ್ಣು ಐತೆಲ್ಲೋ."

"ಕಣ್ಣು ಅನ್ನೋ ಮಾತಿಗೆ ತಾಯಿ ಅದಾಳ್ರಿ. ನಮ್ಮ ಅಕ್ಷಿನೂ ಆಕಿ ಮಗಳ. ಕಿಟಕಿಗೆ ತಾಯಿ ಇಲ್ಲ. ಅವರವರ ಮನ್ಯಾಗ ಕುಂತು ಅವರವರ ಕಟಗೊಂಡದ್ದು. ಇಲ್ಲದ ತಾಯಿನ್ನ ಹುಡುಕ್ಕೋಂತ ನನ್ನ ಹರೇ ಹೋತು."

ಗುರುಗಳು ಮೊರ ಅವನ ಕೈಗೆ ಕೊಟ್ಟರು.

"ಹೋಗುವಿಯಂತ. ಉಂಡು ಹೋಗು. ಇವತ್ತ ಅಡಗಿ ನಿನ್ನ ಖೋಲ್ಯಾಗ ಮಾಡು, ನಾನೂ ಅಲ್ಲೇ ಉಣ್ತೇನಿ."

ಅಡಿವೆಪ್ಪನ ಕೋಣೆ ಹಳೆಯ ಮೇಲ್ಮುದ್ದೆಯದು, ತೊಲೆಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಡು. ಮೂಲೆಯಲ್ಲಿ ಯಾರೂ ಹಚ್ಚದ ಒಲೆ. ಗೋಡೆಗೆ ಕಿಟಕಿಯೇ ಇಲ್ಲ. ಮಣ್ಣಿನ ಮಾಳಿಗೆಯ ನಡುವೆ ಒಂದು ದುಂಡನೆಯ ಬೆಳಕಿಂಡಿ ಇತ್ತು, ಬೆಳಕು ಇಳಿಯುವುದಕ್ಕೂ ಹೊಗೆ ಏರುವುದಕ್ಕೂ ಅದೊಂದೇ ದಾರಿ. ಚೀಟಿಗಳು ಗಾಳಿಗೆ ಹಾರುತ್ತವೆಂದು ಅಡಿವೆಪ್ಪ ಬಂದ ಹೊಸತರಲ್ಲೇ ಮಾಳಿಗೆ ಹತ್ತಿ ಅದರ ಮೇಲೊಂದು ಒಡಕು ಗಡಿಗೆ ಬೋರಲು ಹಾಕಿದ್ದ. ಹಗಲೂ ದೀಪ ಹಚ್ಚಿಕೊಂಡು ಓದುತ್ತಿದ್ದ. ಪಂಡಿತರ ಬುದ್ಧಿ ಅಂದರೆ ಹೀಗೇ ಇರುತ್ತದೆ.

ಕಟ್ಟಿಗೆ ಹಸಿ ಜಾಲಿಯದು. ಅಡಿವೆಪ್ಪ ಊದಿ ಊದಿ ಒಲೆ ಹಚ್ಚಿದ. ಗುರುಗಳು ಒಳಗೆ ಬಂದು ಗೋಡೆಗೆ ಒರಗಿ ಕುಳಿತರು.

"ಬಾಗಿಲಾ ಮುಂದ ಮಾಡು. ನಾಯಿ ಬರತೈತಿ."

ಅವನು ಬಾಗಿಲು ಮುಚ್ಚಿದ. ಹೊಗೆ ಮೊದಲು ಮಾಳಿಗೆಗೆ ತಾಗಿತು, ಆಮೇಲೆ ಕೆಳಗಿಳಿಯಿತು. ದೀಪ ಮಸುಕಾಯಿತು. ಗುರುಗಳಿಗೆ ಕೆಮ್ಮು ಹತ್ತಿತು.

"ಅಪ್ಪಾರ, ಹೊರಗ ನಡೀರಿ. ನಿಮಗ ದಮ್ಮು ಐತಿ."

"ಉಣ್ಣದ ಏಳಂಗಿಲ್ಲ. ಬಾಗಿಲಾನೂ ತೆಗೀಬ್ಯಾಡ."

ಮತ್ತೆ ಕೆಮ್ಮು. ಈ ಸಲ ಅದು ನಿಲ್ಲಲಿಲ್ಲ. ಅಡಿವೆಪ್ಪ ಹೆದರಿದ. ತೋಳು ಹಿಡಿದು ಎಬ್ಬಿಸಲು ನೋಡಿದ, ಮುದುಕ ನೆಲ ಬಿಟ್ಟು ಮಿಸುಕಲಿಲ್ಲ. ಹಟಕ್ಕೆ ಬಿದ್ದರೆ ಅವರು ಯಾರಪ್ಪನ ಮಾತೂ ಕೇಳುವವರಲ್ಲ. ಅವನು ಗೋಡೆಗೆ ನಿಲ್ಲಿಸಿದ್ದ ಒನಕೆ ಎತ್ತಿಕೊಂಡು ಕತ್ತಲಲ್ಲೇ ತಡಕಿ ಬೆಳಕಿಂಡಿಗೆ ಗುದ್ದಿದ.

ಗಡಿಗೆ ಮಾಳಿಗೆಯ ಮೇಲೆ ಉರುಳಿ ಅಂಗಳಕ್ಕೆ ಬಿದ್ದು ಒಡೆಯಿತು.

ಬೆಳಕು ಕೋಲಿನಂತೆ ಇಳಿಯಿತು. ಹೊಗೆಯೆಲ್ಲ ಅತ್ತ ತಿರುಗಿ ಸುತ್ತಿಕೊಂಡು ಮೇಲೇರಿತು. ಅದರ ಹಿಂದೆಯೇ ಗಾಳಿ ಬಂದು ಅವನ ಮುಖ ಮುಟ್ಟಿತು.

ಅಡಿವೆಪ್ಪ ನೀರು ಸುರಿಯುವ ಕಣ್ಣುಗಳಿಂದ ಮೇಲೆ ನೋಡಿದ. ಸುತ್ತಲೂ ಕಪ್ಪು. ನಡುವೆ ಒಂದೇ ಒಂದು ದುಂಡು ಬೆಳಕು. ಅದೂ ಅವನನ್ನು ನೋಡುತ್ತಿತ್ತು.

ಒನಕೆ ಕೈಜಾರಿತು. ಅವನು ಅಲ್ಲೇ ನೆಲದ ಮೇಲೆ ಕುಳಿತ.

ಗುರುಗಳ ಕೆಮ್ಮು ನಿಧಾನವಾಗಿ ಇಳಿಯಿತು.

"ಏನು ಕಂಡ್ಯೋ?"

"ಕಣ್ಣು ಅಪ್ಪಾರ."

"ಹ್ಞೂಂ."

ಹಿಮದ ನಾಡಿನ ಒಂದು ಗುಡಿಸಲಲ್ಲಿ ಒಬ್ಬಳು ಒಲೆ ಊದಿ ಮೇಲಿನ ಕಿಂಡಿಯತ್ತ ತಲೆಯೆತ್ತಿದ್ದು ಅಡಿವೆಪ್ಪನಿಗೆ ಕಂಡಿತು. ಅವಳ ಕಣ್ಣಲ್ಲೂ ನೀರು. ಅವಳು ಗೋಥರನ್ನು ಕಂಡವಳಲ್ಲ, ಗೋಥರು ಅವಳನ್ನು ಕಂಡವರಲ್ಲ.

"ನಮ್ಮ ಹಿರ್ಯಾರು ಗವಾಕ್ಷ ಅಂದ್ರಲ್ರಿ. ಎತ್ತಿನ ಕಣ್ಣು ಅಂತ."

"ಅಂದ್ರು."

"ಅವರಿಗೆ ಯಾರ ಹೇಳಿಕೊಟ್ಟಾರ್ರಿ?"

"ನಿನಗ ಈಗ ಯಾರ ಹೇಳಿಕೊಟ್ರು?"

ಅಡಿವೆಪ್ಪ ಎರಡೂ ಕೈ ಜೋಡಿಸಿದ. ಗುರುಗಳಿಗೋ, ಮೇಲಿನ ಕಿಂಡಿಗೋ, ಎಂದೂ ಕಾಣದ ಆ ಹೆಂಗಸಿಗೋ, ಅವನಿಗೇ ತಿಳಿಯಲಿಲ್ಲ.

ಗೋಡೆ ಬದಿಗೆ ತಂದಿಟ್ಟಿದ್ದ ಗಂಟು ಸಡಿಲಾಗಿತ್ತು. ಚೀಟಿಗಳು ಕೋಣೆಯ ತುಂಬ ಹಾರಾಡುತ್ತಿದ್ದವು. ಒಂದು ನುಚ್ಚಿನ ಗಡಿಗೆಯೊಳಗೇ ಬಿತ್ತು. ಗುರುಗಳು ಅದನ್ನು ಸೌಟಿನಿಂದ ಎತ್ತಿ ಪಕ್ಕಕ್ಕಿಟ್ಟು ನುಚ್ಚು ಬಡಿಸಿಕೊಂಡರು. ಇಬ್ಬರೂ ಉಂಡರು.

ಊಟವಾದ ಮೇಲೆ ಅಡಿವೆಪ್ಪ ಮೊಣಕಾಲೂರಿ ಚೀಟಿಗಳನ್ನು ಒಂದೊಂದಾಗಿ ಆರಿಸಿದ. ಹೊಳೆಯ ಮಾತು ಎತ್ತಲಿಲ್ಲ. ಆರಿಸಿಟ್ಟವು ಮತ್ತೆ ಹಾರಿದವು, ಮತ್ತೆ ಆರಿಸಿದ.

"ಅಪ್ಪಾರ, ನಾಳೆ ಮ್ಯಾಲ ಇನ್ನೊಂದು ಗಡಿಗಿ ಇಡ್ಲೇನ್ರಿ?"

ಗುರುಗಳು ಕೈ ತೊಳೆದು ಬಾಗಿಲು ತೆರೆದರು.

"ಮಳಿ ಬಂದ್ರ ಇಡು."