ಬೀರಮ್ಮನ ಕೈಗುಣ

ಹೊಳೆ ಕಡಲಿಗೆ ಸೇರುವ ಕಡೆ ಒಂದು ಆಶ್ರಮವಿತ್ತು. ಅಲ್ಲಿನ ಗುರುಗಳ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಸದಾ ಗಿಡಗಳಿಗೆ ಕಸಿ ಕಟ್ಟುತ್ತಿದ್ದುದರಿಂದ ಜನ ಅವರನ್ನು ಕಸಿಸ್ವಾಮಿ ಎನ್ನುತ್ತಿದ್ದರು. ಅವರೂ ಅದಕ್ಕೇ ಓಗೊಡುತ್ತಿದ್ದರು.

ಹೊಳೆಯಾಚೆಯ ಕೇರಿಯವರು ಆಶ್ರಮಕ್ಕೆ ಅಕ್ಕಿ ಕೊಡುತ್ತಿದ್ದರು. ಗುರುಗಳು ಅವರಿಗೆ ಮೋಸಂಬಿ ಗಿಡ ಕೊಡುತ್ತಿದ್ದರು.

ಆ ನೆಲದಲ್ಲಿ ಮೋಸಂಬಿ ಬೆಳೆಸುವುದು ಹುಡುಗಾಟವಲ್ಲ. ಬೇಸಿಗೆ ಬಂತೆಂದರೆ ಹೊಳೆಯ ನೀರು ಇಳಿದು ಕಡಲು ಒಳಗೆ ನುಗ್ಗುತ್ತದೆ. ಬಾವಿಯ ನೀರೂ ಉಪ್ಪಾಗುತ್ತದೆ. ಅದಕ್ಕೇ ಗುರುಗಳು ಹುಳಿಕಿತ್ತಳೆಯ ಸಸಿಯನ್ನು ಬುಡವಾಗಿಟ್ಟು, ಅದರ ತೊಗಟೆ ಸೀಳಿ, ಮೋಸಂಬಿಯ ಚಿಗುರೊಡೆಯುವ ಕಣ್ಣು ಕೂರಿಸಿ, ಬಾಳೆನಾರಿನಿಂದ ಬಿಗಿಯುತ್ತಿದ್ದರು. ಹುಳಿಕಿತ್ತಳೆಯ ಹಣ್ಣನ್ನು ಮಂಗವೂ ಮೂಸುವುದಿಲ್ಲ. ಆದರೆ ಅದರ ಬೇರು ಉಪ್ಪನ್ನು ತಡೆದುಕೊಳ್ಳುತ್ತದೆ. ಬೆಳೆಯುವುದು ಮಾತ್ರ ಬಲು ನಿಧಾನ.

ಒಂದು ವರ್ಷ ಗುರುಗಳು ಇಡೀ ಕೆಲಸವನ್ನು ಶಿಷ್ಯ ಬೊಮ್ಮಯ್ಯನಿಗೆ ವಹಿಸಿದರು.

ಬೊಮ್ಮಯ್ಯನಿಗೆ ಕೈ ಚುರುಕು, ಮನಸ್ಸು ಇನ್ನೂ ಚುರುಕು, ಹೊಗಳಿಕೆಯ ಆಸೆ ಇವೆರಡಕ್ಕಿಂತ ಚುರುಕು. ಹುಳಿಕಿತ್ತಳೆ ದಪ್ಪವಾಗುವ ತನಕ ಕಾಯುವ ತಾಳ್ಮೆ ಅವನಿಗಿರಲಿಲ್ಲ. ನಿಂಬೆಯ ಜಾತಿಯ ಹೇರಳೆಕಾಯಿಯ ಸಸಿಗಳು ಒಂದೇ ಮಳೆಗಾಲದಲ್ಲಿ ಹೆಬ್ಬೆರಳ ಗಾತ್ರ ಬಂದಿದ್ದವು. ಅವಕ್ಕೇ ಕಣ್ಣು ಕೂರಿಸಿಬಿಟ್ಟ. ಕಣ್ಣು ಚಿಗುರಿದ ಮೇಲೆ ಬುಡದ ಎಲೆಗಳನ್ನೆಲ್ಲ ಸವರಿ ಹಾಕಿದ. ಇನ್ನು ಬುಡ ಯಾವುದೆಂದು ಯಾರಿಗೆ ಗೊತ್ತಾಗಬೇಕು?

"ಬುಡ ಯಾವುದಪ್ಪ?" ಗುರುಗಳು ಕೇಳಿದರು.

"ಹುಳಿಕಿತ್ತಳೆ, ಗುರುಗಳೇ."

"ಚೆನ್ನಾಗಿ ಬಂದಿವೆ," ಎಂದು ಗುರುಗಳು ಅವನ ಬೆನ್ನು ತಟ್ಟಿದರು.

ಕೇರಿಯಲ್ಲಿ ಒಂದು ರೂಢಿಯಿತ್ತು. ಯಾರ ಮನೆಯಲ್ಲಿ ಗಿಡ ನೆಡಬೇಕಾದರೂ ಬೀರಮ್ಮನನ್ನು ಕರೆಯುತ್ತಿದ್ದರು. ಉಪ್ಪುನೀರು ನಿಲ್ಲುವ ಗಜನಿ ಗದ್ದೆಗೆ ಕಗ್ಗ ಭತ್ತದ ಬಿತ್ತನೆ ಮಾಡುವಾಗಲೂ ಮೊದಲ ಮುಷ್ಟಿ ಬೀಜ ಅವಳದೇ. ಅವಳು ಮುಟ್ಟಿದ್ದು ಚಿಗುರುತ್ತದೆ, ಅಂಥ ಕೈಗುಣ ಎಂದು ಊರೆಲ್ಲ ಹೇಳುತ್ತಿತ್ತು. ಗಂಡ ತೀರಿಕೊಂಡ ವರ್ಷವೇ ಆದರೂ ಬೊಮ್ಮಯ್ಯನ ಗಿಡಗಳನ್ನೂ ಅವಳೇ ಮನೆಮನೆಗೆ ಹೋಗಿ ನೆಟ್ಟಳು.

ಮೊದಲೆರಡು ಬೇಸಿಗೆಯಲ್ಲಿ ಗಿಡಗಳು ಹೇಗೋ ಉಸಿರು ಹಿಡಿದುಕೊಂಡವು. ಮುಂದಿನ ಬೇಸಿಗೆಯಲ್ಲಿ ಉಪ್ಪು ಹೆಚ್ಚಾಯಿತು. ಎಲೆಯ ಅಂಚು ಕರಟಿತು, ಎಲೆ ಉದುರಿತು, ಗಿಡ ಒಣಗಿತು. ಗುರುಗಳು ಕೊಟ್ಟಿದ್ದ ಹಳೆಯ ಮರಗಳ ಪಕ್ಕದಲ್ಲೇ ಬೊಮ್ಮಯ್ಯನ ಗಿಡಗಳು ಸೌದೆಯಾಗಿ ನಿಂತವು.

ಅಕ್ಕಿ ತರಲು ಬೊಮ್ಮಯ್ಯ ದೋಣಿಯಲ್ಲಿ ಹೊಳೆ ದಾಟಿ ಕೇರಿಗೆ ಹೋದ. ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದ. ಯಾರೂ ಕೇಳಲಿಲ್ಲ.

ಬೀರಮ್ಮ ಅಂಗಳದ ತುದಿಯಲ್ಲಿ ಕೂತಿದ್ದಳು. ಒಳಗೆ ಕೂಸು ಅಳುತ್ತಿತ್ತು. ಮಗಳು ಬಾಣಂತನಕ್ಕೆ ಬಂದಿದ್ದಳು.

"ಕೂಸು ಅಳ್ತಾ ಇದೆಯಲ್ಲ ಬೀರಮ್ಮ. ಎತ್ತಿಕೊಳ್ಳಬಾರದೇ?"

"ನಾ ಮುಟ್ಟೂದಿಲ್ಲ, ಸಣ್ಣ ಸ್ವಾಮಿ. ಪಕ್ಕದ ಮನೆಯವ್ರು ಬಂದು ಕೂಸನ್ನ ಮೀಸಿ ಹೋಗ್ತಾರೆ."

"ಯಾಕೆ?"

ಬೀರಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಗಂಡ ಸತ್ತ ಮೇಲೆ ನನ್ನ ಕೈಗುಣ ಹಾಳಾಯ್ತು. ನೀವು ಕೊಟ್ಟದ್ದು ಬಂಗಾರದಂಥಾ ಗಿಡ. ಆಶ್ರಮದ ಗಿಡ ಕೆಟ್ಟದ್ದು ಇರ್ತದ್ಯಾ? ನನ್ನ ಕೈಯಲ್ಲಿ ನೆಟ್ಟದ್ದಕ್ಕೆ ಸತ್ತೋಯ್ತು. ಈ ವರ್ಷ ಬಿತ್ತನೆಗೂ ಯಾರೂ ಕರೀಲಿಲ್ಲ. ಕರೀದೇ ಇದ್ದದ್ದೇ ಒಳ್ಳೇದಾಯ್ತು. ನೀವೇನೂ ಬೇಜಾರ ಮಾಡ್ಕೋಬೇಡಿ."

ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ತಿಂದವನು ಬೊಮ್ಮಯ್ಯ, ನೀರು ಕುಡಿಯುತ್ತಿದ್ದವಳು ಬೀರಮ್ಮ.

ಅವಳು ಅಕ್ಕಿಯ ಮೊರವನ್ನು ಮುಟ್ಟದೆ ದೂರದಿಂದಲೇ ತೋರಿಸಿದಳು. ಅವನು ತಾನೇ ಚೀಲಕ್ಕೆ ಸುರಿದುಕೊಂಡು, ತಲೆ ಎತ್ತದೆ ಹೊರಟ. ಇಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಗುರುಗಳು ಸಸಿಗಳಿಗೆ ನೀರು ಹಾಕುತ್ತಿದ್ದರು. ಬೊಮ್ಮಯ್ಯ ಚೀಲವಿಳಿಸಿ ಅವರ ಕಾಲ ಬಳಿ ಕುಸಿದ.

"ಬುಡ ಹುಳಿಕಿತ್ತಳೆಯದಲ್ಲ, ಗುರುಗಳೇ. ಹೇರಳೆಯದು. ನಿಮಗೆ ಸುಳ್ಳು ಹೇಳಿದೆ."

ಬೀರಮ್ಮ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದ.

ಗುರುಗಳು ಮುಂದಿನ ಸಸಿಗೂ ನೀರು ಹಾಕಿದರು. ಆಮೇಲೆ, "ನಾನು ಕೇಳಿದೆ, ಬಗ್ಗಿ ನೋಡಲಿಲ್ಲ," ಎಂದರು.

"ನನಗೊಂದು ಉಪಾಯ ಹೊಳೆದಿದೆ," ಬೊಮ್ಮಯ್ಯ ಆತುರದಿಂದ ಹೇಳಿದ. "ಹುಳಿಕಿತ್ತಳೆ ಬುಡಕ್ಕೇ ಕಸಿ ಕಟ್ಟಿ ಹೊಸ ಗಿಡ ಮಾಡುತ್ತೇನೆ. ಬೀರಮ್ಮನ ಕೈಯಿಂದಲೇ ನೆಡಿಸುತ್ತೇನೆ. ಅವು ಉಪ್ಪಿಗೆ ಜಗ್ಗುವುದಿಲ್ಲ. ಅವಳ ಕೈಗುಣ ಕೆಟ್ಟಿಲ್ಲವೆಂದು ಜನರೇ ಒಪ್ಪುತ್ತಾರೆ."

"ಆಗ ನೀನು ಜನರಿಗೆ ಏನೂ ಹೇಳಬೇಕಾಗಿಲ್ಲ," ಎಂದರು ಗುರುಗಳು.

ಬೊಮ್ಮಯ್ಯನ ಮುಖ ಕೆಂಪಾಯಿತು. "ಹೇಳಿದರೆ ಆಶ್ರಮಕ್ಕೂ ಕೆಟ್ಟ ಹೆಸರಲ್ಲವೇ, ಗುರುಗಳೇ?"

"ಗಿಡ ತಯಾರಾಗಿ, ನೆಟ್ಟು, ಉಪ್ಪಿನ ಬೇಸಿಗೆ ದಾಟಿ, ಜನ ನಂಬುವುದಕ್ಕೆ ಎಷ್ಟು ಕಾಲ ಬೇಕು?"

"ನಾಲ್ಕೈದು ವರ್ಷ."

"ಅಷ್ಟರಲ್ಲಿ ಬೀರಮ್ಮ ಎತ್ತಿಕೊಳ್ಳದ ಕೂಸು ಓಡಾಡುತ್ತಿರುತ್ತದೆ," ಎಂದು ಗುರುಗಳು ನೀರಿನ ಕೊಡವನ್ನು ಕೆಳಗಿಟ್ಟು ದೋಣಿಯ ಕಡೆ ನಡೆದರು.

ಬೊಮ್ಮಯ್ಯ ಹಿಂದೆ ಓಡಿದ.

ಇಬ್ಬರೂ ಕೇರಿಗೆ ಬಂದರು. ಕಸಿಸ್ವಾಮಿಗಳೇ ಬಂದಿದ್ದಾರೆಂದು ಬೀರಮ್ಮನ ಅಂಗಳದಲ್ಲಿ ಜನ ಸೇರಿದರು. ಗುರುಗಳು ಕಟ್ಟೆಯ ಮೇಲೆ ಕೂತರು.

ಬೊಮ್ಮಯ್ಯ ಅಂಗಳದಲ್ಲಿ ಒಣಗಿ ನಿಂತಿದ್ದ ಗಿಡವನ್ನು ಬೇರು ಸಮೇತ ಕಿತ್ತು ಎಲ್ಲರೆದುರು ಹಿಡಿದ.

"ಈ ಗಿಡ ಸತ್ತದ್ದು ಬೀರಮ್ಮನ ಕೈಯಿಂದಲ್ಲ. ಇದರ ಬುಡ ಹೇರಳೆಯದು, ಉಪ್ಪು ತಡೆಯುವುದಿಲ್ಲ. ಅದು ಗೊತ್ತಿದ್ದೂ ಕಟ್ಟಿದವನು ನಾನು. ಬೇಗ ದೊಡ್ಡದಾಗಲಿ, ನೀವೆಲ್ಲ ನನ್ನನ್ನು ಹೊಗಳಲಿ ಅಂತ ಕಟ್ಟಿದೆ. ಗುರುಗಳಿಗೂ ಸುಳ್ಳು ಹೇಳಿದೆ."

ಹಿಂದಿನಿಂದ ಒಬ್ಬ ಮುದುಕ, "ಥೂ ನಿನ್ನ" ಎಂದು ನೆಲಕ್ಕೆ ಉಗಿದ. ಆ ಉಗುಳು ಮುಖಕ್ಕೇ ಬಿದ್ದಿದ್ದರೂ ಆಗುತ್ತಿತ್ತು ಎನಿಸಿತು ಬೊಮ್ಮಯ್ಯನಿಗೆ.

ಬೀರಮ್ಮ ಮುಂದೆ ಬಂದಳು. ಕಿತ್ತ ಗಿಡವನ್ನು ನೋಡಿದಳು.

"ನನ್ನ ಕೈಯಿಂದ ಅಲ್ವಾ?"

"ಅಲ್ಲಮ್ಮ."

"ಖರೇನಾ?"

"ಖರೇ, ಅಮ್ಮ."

ಅವನು ತಲೆ ತಗ್ಗಿಸಿ ಕಾದ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ. ತಲೆ ಎತ್ತಿದಾಗ ಅವಳು ಅಲ್ಲಿರಲಿಲ್ಲ. ಬಚ್ಚಲ ಕಡೆಯಿಂದ ಕೈ ತೊಳೆಯುವ ಸದ್ದು ಬಂತು, ಆಮೇಲೆ ಒಳಬಾಗಿಲು ದೂಡಿದ ಸದ್ದು.

ಹಿಂತಿರುಗುವಾಗ ಹೊಳೆ ಅರ್ಧ ದಾಟುವ ತನಕ ಬೊಮ್ಮಯ್ಯ ತಡೆದುಕೊಂಡ. ಆಮೇಲೆ ಹುಟ್ಟು ಹಾಕುವುದನ್ನು ನಿಲ್ಲಿಸಿ ಅತ್ತುಬಿಟ್ಟ.

"ಅವಳು ನನ್ನನ್ನು ಕ್ಷಮಿಸಲಿಲ್ಲ, ಗುರುಗಳೇ. ಒಂದು ಮಾತು ಬೈಯಲೂ ಇಲ್ಲ. ತಿರುಗಿ ಸಹ ನೋಡಲಿಲ್ಲ."

"ಕೂಸನ್ನು ಎತ್ತಿಕೊಂಡವಳಿಗೆ ನಿನ್ನನ್ನು ನೋಡಲು ಪುರುಸೊತ್ತೆಲ್ಲಿದೆ, ಬೊಮ್ಮಯ್ಯ?" ಎಂದರು ಗುರುಗಳು. "ಹುಟ್ಟು ಹಾಕು."