ಮೋಡ ಬಂದಾಗಲೆಲ್ಲ ಇಳಿದ ಬಾವುಟ

ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಮಾರಕ್ಕನ ನಾಲಿಗೆ ಕುಡುಗೋಲಿನ ಹಾಗೆ. ಮಗ ಪಾಲಯ್ಯನ ತಲೆ ಹತ್ತಿಯ ಹಾಗೆ, ಬಿದ್ದ ಮಾತು ಬಿದ್ದಲ್ಲೇ ಅಂಟಿಕೊಳ್ಳುತ್ತಿತ್ತು. ವಯಸ್ಸು ಇಪ್ಪತ್ತೈದು, ಕೆಲಸ ಮಾತ್ರ ಇಲ್ಲ.

ಊರ ಶಾಲೆಗೆ ಜವಾನ ಬೇಕಾಗಿದ್ದ. ರುದ್ರಮುನಿ ಮೇಷ್ಟ್ರು ಅಂದರು, "ಮಾರಕ್ಕ, ಆಗಸ್ಟ್ ಹದಿನೈದರ ಕೆಲಸ ನೆಟ್ಟಗೆ ಮಾಡಿದರೆ ನಿನ್ನ ಮಗನನ್ನೇ ಇಟ್ಕೊಳ್ಳೋಣ."

ಮಾರಕ್ಕ ಮಗನನ್ನು ಕೂರಿಸಿಕೊಂಡಳು. "ನೋಡೋ, ನವಿಲು, ತಾವರೆ, ಆಲದ ಮರ, ಬಾವುಟ, ಇವು ಇಡೀ ದೇಶದ ಗುರುತು. ಕಂಡರೆ ಅಲ್ಲಾಡದೆ ನಿಂತ್ಕೋಬೇಕು."

"ಆಗಲವ್ವ."

ಮರುದಿನ ಮಗ ಕಾಯುತ್ತಿದ್ದ ಶೇಂಗಾ ಹೊಲಕ್ಕೆ ಹನ್ನೊಂದು ನವಿಲು ಬಂದವು. ಪಾಲಯ್ಯ ಅಲ್ಲಾಡದೆ ನಿಂತ. ನವಿಲು ಕೆದಕಿದವು, ತಿಂದವು, ಗರಿ ಬಿಚ್ಚಿ ಕುಣಿದವು. ಸಾವಿರ ನೀಲಿ ಕಣ್ಣು ತನ್ನನ್ನೇ ನೋಡುತ್ತಿವೆ ಅನ್ನಿಸಿ ಅವನಿಗೆ ನಾಚಿಕೆಯಾಯಿತು. ಸಂಜೆಗೆ ಹೊಲದಲ್ಲಿ ಉಳಿದವನು ಅವನೊಬ್ಬನೇ.

"ಬೆದರುಬೊಂಬೆಗಾದರೂ ಹೆದರ್ತಾವೆ, ನಿನಗೆ ಅದೂ ಇಲ್ಲವಲ್ಲೋ," ಅಂದಳು ಮಾರಕ್ಕ. "ಟವಲ್ ಬೀಸಿ ಹೋ ಅಂತ ಕೂಗಬೇಕಿತ್ತು."

"ಆಗಲವ್ವ."

ಬಾವುಟದೊಳಗೆ ಕಟ್ಟೋಕೆ ಹೂವಿನ ಎಸಳು ಬೇಕು, ಕೆರೆಯಿಂದ ತಾವರೆ ತಾ ಅಂತ ಮೇಷ್ಟ್ರು ಕಳಿಸಿದರು. ಪಾಲಯ್ಯ ದಡದಲ್ಲಿ ನಿಂತು ಟವಲ್ ಬೀಸಿದ, ಹೋ ಅಂತ ಕೂಗಿದ. ತಾವರೆಗಳು ಗಾಳಿಗೆ ತಲೆದೂಗಿದವು. ಅವನೂ ತಲೆದೂಗಿದ. ಹಾಗೇ ಮಧ್ಯಾಹ್ನವಾಯಿತು.

"ಎಷ್ಟು ಕೂಗಿದರೂ ಹಾರಲಿಲ್ಲವ್ವ."

"ಹಾರೋಕೆ ಅದಕ್ಕೆ ನಿನ್ನ ಹಾಗೆ ಬುದ್ಧಿ ಕೆಟ್ಟಿದೆಯಾ? ಬುಡದಿಂದ ಕಿತ್ತು ತಲೆ ಮೇಲಿಟ್ಟುಕೊಂಡು ತರಬೇಕಿತ್ತು."

"ಆಗಲವ್ವ."

ಆಮೇಲೆ ಮೇಷ್ಟ್ರು ಶಾಲೆಯ ಆಲದ ಮರದ ಕೆಳಗೆ ಕಸ ಗುಡಿಸು ಅಂದರು. ಮಾರಕ್ಕ ಬುತ್ತಿ ತಂದು ನೋಡಿದರೆ, ಮರದ ಸುತ್ತ ಮೊಣಕಾಲಾಳದ ಗುಂಡಿ. ಒಳಗೆ ಪಾಲಯ್ಯ ಬೇರಿಗೆ ತಲೆ ಕೊಟ್ಟು ನಿಂತಿದ್ದ.

"ಸ್ವಲ್ಪ ತಡಿಯವ್ವ, ಸಡಿಲಾಗ್ತಾ ಇದೆ."

ಅವಳು ಗುಂಡಿಯ ಅಂಚಿನಲ್ಲೇ ಕುಸಿದು ಕೂತಳು. "ಮಗನೇ, ಉಳಿದದ್ದು ನಾಳೆಯ ಬಾವುಟ ಒಂದೇ. ಅದೂ ಕೆಟ್ಟರೆ ಕೆಲಸ ಹೋಯ್ತು. ಬೆಳಿಗ್ಗೆ ಏರಿಸಬೇಕು, ಹೊತ್ತು ಮುಳುಗಿದರೆ ಇಳಿಸಬೇಕು. ಅಷ್ಟೇ."

"ಹೊತ್ತು ಮುಳುಗಿದ್ದು ಹೆಂಗೆ ಗೊತ್ತಾಗುತ್ತವ್ವ?"

"ಸೂರ್ಯ ಕಂಡರೆ ಏರಿಸು, ಕಾಣದಿದ್ದರೆ ಇಳಿಸು."

ಆಗಸ್ಟ್ ಹದಿನೈದು. ಬಾವುಟ ಏರಿತು, ಎಸಳು ಉದುರಿತು, ಎಲ್ಲರೂ ರಾಷ್ಟ್ರಗೀತೆ ಹಾಡಿದರು. ಮಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಒಂದು ಮೋಡ ತೇಲಿ ಬಂದು ಸೂರ್ಯನನ್ನು ಮುಚ್ಚಿತು. ಪಾಲಯ್ಯ ಬಾವುಟ ಇಳಿಸಿದ. ಮೋಡ ಸರಿಯಿತು. ಏರಿಸಿದ.

ಬಾವುಟ ಏರಿದ ಮೇಲೆ ಸುಮ್ಮನಿರಲಾದೀತೇ? ಬೂಂದಿ ತಿನ್ನುತ್ತಿದ್ದ ಮಕ್ಕಳು ಎದ್ದು ನಿಂತು ಹಾಡಿದರು. ಮತ್ತೊಂದು ಮೋಡ ಬಂತು, ಇಳಿಸಿದ. ಹೋಯಿತು, ಏರಿಸಿದ. ಎದ್ದರು, ಹಾಡಿದರು. ಮೋಡಗಳು ಕುರಿಮಂದೆಯ ಹಾಗೆ ಒಂದರ ಹಿಂದೊಂದು ಬರುತ್ತಲೇ ಇದ್ದವು. ನೆರಳು ಬಂದರೆ ಊರು ಕೂರುತ್ತಿತ್ತು, ಬಿಸಿಲು ಬಂದರೆ ಏಳುತ್ತಿತ್ತು. ಏಳನೆಯ ಸಲಕ್ಕೆ ಎಲ್ಲರಿಗೂ ನಿದ್ದೆಯಲ್ಲಿ ತೇಲಿದ ಹಾಗಾಗಿತ್ತು.

ಹಾಡಿ ಹಾಡಿ ಮೇಷ್ಟ್ರ ದನಿ ಒಡೆದಿತ್ತು. "ಮಾರಕ್ಕ, ಈಗ ಮೇಲಿದೆ. ಸಂಜೆವರೆಗೂ ಮೇಲೇ ಇದ್ದರೆ ಕೆಲಸ ಅವನದೇ. ಹೇಗಾದರೂ ಮಾಡು."

ಮಾರಕ್ಕ ಓಡಿದಳು. ಆಕಾಶದಲ್ಲಿ ಇನ್ನೊಂದು ಮೋಡ ಹೊರಟಿತ್ತು. ಅದು ಇವನ ಕಣ್ಣಿಗೆ ಬೀಳಲೇಬಾರದು.

"ಪಾಲಯ್ಯ, ನನ್ನಪ್ಪ, ಕಣ್ಣು ಮುಚ್ಕೋ. ನಾನು ಹೇಳೋವರೆಗೂ ಬಿಡಬೇಡ."

"ಆಗಲವ್ವ," ಅಂತ ಅವನು ಕಣ್ಣು ಮುಚ್ಚಿದ. ಸೂರ್ಯ ಕಾಣಲಿಲ್ಲ.

ನಡುಮಧ್ಯಾಹ್ನದ ಉರಿಬಿಸಿಲಿನಲ್ಲಿ ಬಾವುಟ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಕೆಳಗಿಳಿಯಿತು.

ಮೇಷ್ಟ್ರು ತಾಯಿಯ ಕಡೆ ತಿರುಗಿದರು. "ಹೇಳಿದ ಮಾತು ಒಂದನ್ನೂ ಮೀರಲಿಲ್ಲ ನಿನ್ನ ಮಗ. ನಾಳೆಯಿಂದ ಕೆಲಸಕ್ಕೆ ಬರಲಿ. ಬುದ್ಧಿ ಹೇಳೋಕೆ ಮಾತ್ರ ನೀನು ಶಾಲೆ ಹತ್ತಿರ ಬರಬೇಡ ತಾಯಿ."

ಪಾಲಯ್ಯ ಬಾವುಟವನ್ನು ನೆಲಕ್ಕೆ ತಾಗಿಸದೆ ಎದೆಗಪ್ಪಿಕೊಂಡು, ಕಣ್ಣು ಮುಚ್ಚಿಯೇ ನಗುತ್ತಿದ್ದ.

"ಅವ್ವ, ಬೆಳಗಾದ ಮೇಲೆ ಎಬ್ಬಿಸು."