ಸತ್ತಂಗ ಮಲಗಿದ ಸಂಕವ್ವ

ಭಾಳ ಹಿಂದ, ನಮ್ಮಜ್ಜನ ಅಜ್ಜಗ ಇನ್ನೂ ಹಲ್ಲ ಬಂದಿದ್ದಿಲ್ಲ, ಆಗ ಒಂದೂರಾಗ ಒಂದು ನೇಕಾರ ಓಣಿ ಇತ್ತಂತ. ಆ ಓಣ್ಯಾಗ ಮಗ್ಗ ನಿಲ್ಲತಿದ್ದದ್ದು ಹೆಣ ಬಿದ್ದಾಗ ಅಷ್ಟ. ದೇವರು ಬಂದ್ರೂ ನಿಲ್ಲತಿದ್ದಿಲ್ಲ ಅಂತಾರ.

ಅಲ್ಲಿಗೆ ಸಂಕವ್ವ ಬಂದ್ಲು. ಪಟ್ಟಣದ ದೊಡ್ಡ ಡಾಕ್ಟರನ ಕಡೆ ಹನ್ನೆರಡು ವರ್ಷ ದಾದಿಯಾಗಿ ದುಡದಾಕಿ. ಹೆರಿಗಿ ಈಕಿ ಮಾಡಸತಿದ್ಲು, ಹೆಸರು ಅವಂದು. ಸಾಕಾತು ಅಂತ ಬಿಟ್ಟು ಬಂದು ತನ್ನದೇ ಒಂದು ದವಾಖಾನಿ ತಗದ್ಲು. ಒಂದು ಖೋಲಿ, ಒಂದು ಮಂಚ, ಬಸರಿ ಹೊಟ್ಟಿಗೆ ಹಚ್ಚಿ ಕೇಳಾಕ ಒಂದು ಕಟಗಿ ತುತ್ತೂರಿ.

ಡಾಕ್ಟರ ಇಲ್ಲದ ದವಾಖಾನಿ ದೇವರಿಲ್ಲದ ಗುಡಿ ಅಂತ ಓಣಿ ನಕ್ಕಿತಂತ. ‘ಹನ್ನೆರಡು ವರ್ಷ ಆ ಗುಡ್ಯಾಗ ಇದ್ದಾಕಿ ನಾನು, ದೇವರು ಗೊರಕಿ ಹೊಡೀತಿತ್ತು’ ಅಂದ್ಲಂತ. ಓಣಿ ಹಿರ್ಯಾ ಪರಪ್ಪ ಮಾತ್ರ ನಗಲಿಲ್ಲ. ಒಂದು ಜೀವ ಹೋದ್ರ ಬಾಗಲಾ ಮುಚ್ಚಸ್ತೀನಿ ಅಂದ.

ಒಂದಿನ ಮಧ್ಯಾಹ್ನ ಪರಪ್ಪನ ಸೊಸಿ ನೀಲವ್ವನೇ ಬಂದ್ಲು. ತುಂಬು ಬಸರಿ. ಮುಂಜಾನಿಂದ ಕೂಸು ಮಿಸುಕಿಲ್ಲ ಅಂದ್ಲು. ಸಂಕವ್ವ ತುತ್ತೂರಿ ಹಚ್ಚಿದ್ಲು. ಬಲಕ್ಕಿಟ್ರ ಮಗ್ಗದ ಲಟಕ್, ಎಡಕ್ಕಿಟ್ರ ಪಟಕ್. ಕೂಸಿನ ಗುಂಡಿಗಿ ಸರಿ ಇದ್ರ ಕಾಯಬೇಕು, ಪಟ್ಟಣಕ್ಕ ಕಲ್ಲಹಾದಿ, ಗಾಡಿ ಕುಲುಕಿಗೇ ಬಸರು ಕೆಡತೈತಿ. ಸರಿ ಇಲ್ಲಂದ್ರ ಈಗಿಂದೀಗ ಗಾಡಿ ಹೂಡಬೇಕು. ಕೇಳದ ಹ್ಯಾಂಗ ತಿಳೀಬೇಕು?

ಮಗ್ಗ ನಿಲ್ಲಸ್ರಿ ಅಂತ ಹೇಳಿ ಕಳಿಸಿದ್ಲು. ಬದುಕಿದ್ದ ಕೂಸಿಗೆ ಮಗ್ಗ ನಿಲ್ಲಸಿದ್ರ ಸಾವ ಕರದಂಗ ಅಂತ ಪರಪ್ಪ ಒಪ್ಪಲಿಲ್ಲ. ಯಾರ ಸತ್ತಾರ ಹೇಳ್ರಿ, ನಿಲ್ಲಸ್ತೀನಿ ಅಂದ.

ಸಂಕವ್ವ ಹೊರಗ ಬಂದ್ಲು. ನಡು ಓಣ್ಯಾಗ, ಹೆಣ ಮಲಗಿಸಿದಂಗ ತೆಂಕಣಕ್ಕ ತಲಿ ಮಾಡಿ, ಉದ್ದಕ ಮಲಗಿದ್ಲು.

‘ನಾ ಸತ್ತೀನಿ. ಹೋಗಿ ಹೇಳ್ರಿ.’

‘ಮಾತಾಡಾಕತ್ತೀಯಲ್ಲ ಬೇ’ ಅಂದ್ರು ಕೂಡಿದ ಮಂದಿ.

‘ಇದ ಕಡೀ ಮಾತು.’

ಕಣ್ಣ ಮುಚ್ಚಿದ್ಲು. ಒಂದು ಮಗ್ಗ ನಿಂತಿತು. ಬಾಜೂದು ನಿಂತಿತು. ಪರಪ್ಪಂದು ಕಡೀಕ ನಿಂತಿತು. ಮುದುಕ್ಯಾರು ಅಳಾಕ ಬಾಯಿ ತಗಿಯೂದ್ರಾಗ ಹೆಣ ಎದ್ದು ಒಳಗ ಓಡಿತಂತ.

ತುತ್ತೂರಿ ಹಚ್ಚಿದ್ರ ಕೂಸಿನ ಗುಂಡಿಗಿ ಕುಂಟಾಕತ್ತಿತ್ತು. ಇದು ನನ್ನ ಕೈ ಮೀರಿದ್ದು, ಗಾಡಿ ಹೂಡ್ರಿ ಅಂದ್ಲು. ನೀಲವ್ವನ ತಲಿ ತೊಡಿಮ್ಯಾಲ ಇಟ್ಕೊಂಡು, ತಾ ಬಿಟ್ಟುಬಂದ ಬಾಗಲಿಗೇ ಹೋಗಿ, ಗೊರಕಿ ದೇವರ್ನ ಎಬ್ಬಿಸಿ ಹೊಟ್ಟಿ ಕೊಯ್ಯಾಕ ಹಚ್ಚಿದ್ಲು. ಕೂಸು ಅತ್ತಿತು. ಪರಪ್ಪ ಮುಂದ ಬಾಗಲಾ ಮುಚ್ಚಸೂ ಮಾತ ತಗೀಲಿಲ್ಲ ಅಂತಾರ.

ಇವತ್ತಿಗೂ ಆ ಓಣ್ಯಾಗ ಬಸರಿ ಹೆಂಗಸು ದಾದಿ ಮನಿ ಮೆಟ್ಟಲಾ ಹತ್ತಿದ್ರ ಸಾಕು, ಒಂದೊಂದ ಮಗ್ಗ ನಿಲ್ಲತಾವ. ಮಗ್ಗದ ಕೆಳಗಿನ ಕುಣ್ಯಾಗ ಇಳಿಬಿಟ್ಟ ನೇಕಾರರ ಕಾಲು ಮಾತ್ರ ಸುಮ್ಮನಿರಂಗಿಲ್ಲ, ಗಾಳೀನ ತುಳಕೋಂತ ಇರತಾವ, ದಾದಿ ಮನಿ ಒಳಗಿಂದ ‘ಹೂಂ, ನೇಯ್ರಿ’ ಅನ್ನೂತನಕ.